ಬಾಣೆಗೆ ಹಾಕಿದ ಕಟ್ಟು

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತರಲ್ಲಿ ನಾನು ಬಿ.ಎಸ್ಸಿ. ಮುಗಿಸಿ ಕಕ್ಕಬೆ ಕಡೆಯ ನಮ್ಮೂರಿಗೆ ಬಂದೆ. ನಮ್ಮ ಮೂರು ಕೇರಿಗಳಲ್ಲಿ ಕಾಲೇಜು ಮೆಟ್ಟಿಲು ಹತ್ತಿದವನು ನಾನೊಬ್ಬನೇ. ಮೈಸೂರಿನಲ್ಲಿ ಇನ್ನೊಬ್ಬರ ಕೊಟ್ಟಿಗೆ ಗುಡಿಸಿ, ಅವರ ಮನೆಯಲ್ಲಿ ಉಂಡು ಓದಿದವನು. ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ದೇವರಕಾಡಿಗೂ ಮೇಲಿನ ಬೆಟ್ಟದ ಕಾಡಿಗೂ ನಡುವೆ ನಮ್ಮ ಬಾಣೆ. ಗದ್ದೆಗೆ ಸೊಪ್ಪು, ದನಕ್ಕೆ ಹುಲ್ಲು ಅಂತ ಮೂರು ಕೇರಿಗೂ ಸೇರಿದ ಗುಡ್ಡ. ವರ್ಷವರ್ಷ ಬೆಂಕಿ ಹಾಕಿ ಬೋಳು ಮಾಡಿದ್ದೆವು. ಕಡವೆ ಅತ್ತ ಇಳಿಯುವುದನ್ನೇ ಬಿಟ್ಟಿತ್ತು. ಬೆಂಕಿ ನಿಲ್ಲಿಸಿ, ದನ ಬಿಡಬೇಡಿ, ಕಾಡು ತಾನಾಗಿ ಬರುತ್ತದೆ ಎಂದೆ. ಹುಲ್ಲು ತಿನ್ನಬೇಡ ಅಂತ ದನಕ್ಕೆ ಹೇಳುವ ಪಾಠ ಮೈಸೂರಿನಲ್ಲಿ ಕಲಿಸ್ತಾರಾ ಎಂದು ನಕ್ಕರು.

ನಗದವರು ದೊಡ್ಡಪ್ಪ ಒಬ್ಬರೇ, ಊರಿನ ಹಬ್ಬ, ಕಟ್ಟಳೆ ನೋಡಿಕೊಳ್ಳುವ ತಕ್ಕರು. ಹಬ್ಬಕ್ಕೆ ಮುಂಚೆ ನಮ್ಮಲ್ಲಿ ದೇವರ ಕಟ್ಟು ಹಾಕುತ್ತಾರೆ: ಹಸಿಮರ ಕಡಿಯುವಂತಿಲ್ಲ, ಬೇಟೆಯಾಡುವಂತಿಲ್ಲ. ಹಬ್ಬ ಮುಗಿದ ಮೇಲೆ ಮೂರು ಕೇರಿಯ ಮೂವರು ಹಿರಿಯರು ಒಟ್ಟಿಗೆ ನಿಂತು ಅದನ್ನು ಬಿಚ್ಚಬೇಕು; ಒಬ್ಬರು ಇಲ್ಲದಿದ್ದರೂ ಕಟ್ಟು ಹಾಗೇ ಉಳಿಯುತ್ತದೆ. ಆ ವರ್ಷ ದೊಡ್ಡಪ್ಪ ಬಾಣೆಗೂ ಬೇರೆಯಾಗಿ ಒಂದು ಕಟ್ಟು ಹಾಕಿದರು: ಬೆಂಕಿ ಹಾಕುವಂತಿಲ್ಲ, ಸೊಪ್ಪು ಕಡಿಯುವಂತಿಲ್ಲ, ದನ ಬಿಡುವಂತಿಲ್ಲ. ಊರಿನದನ್ನು ಬಿಚ್ಚಿ ಬಾಣೆಯ ಸರದಿ ಬಂದಾಗ ಒಂದು ಕೇರಿಯ ಹಿರಿಯರು ಸೊಂಟನೋವು ಅಂತ ಮನೆಗೆ ಹೋದರು. ಮರುವರ್ಷ ಇನ್ನೊಬ್ಬರು. ದೊಡ್ಡಪ್ಪ ಮೊದಲೇ ಮಾತಾಡಿಕೊಂಡದ್ದು ಎಲ್ಲರಿಗೂ ಗೊತ್ತು. ಆದರೂ ಗೊಣಗುತ್ತಲೇ ದೂರದಿಂದ ಸೊಪ್ಪು ಹೊತ್ತೆವು.

ಗಿಡ ಆಳೆತ್ತರ ಬಂದು, ಕಡವೆಯ ಹೆಜ್ಜೆ ಮತ್ತೆ ಕಂಡ ವರ್ಷ ಹೊರಗಿನ ಎಸ್ಟೇಟ್ ಸಾಹುಕಾರರೊಬ್ಬರು ಜೀಪಿನಲ್ಲಿ ಬಂದರು. ಬಾಣೆ ಗುತ್ತಿಗೆಗೆ ಕೊಡಿ, ಸವರಿ ಕಾಫಿ ಹಾಕುತ್ತೇನೆ ಎಂದರು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದರು.

"ನೀವು ಓದಿದವರು. ಈ ಮುದುಕರಿಗೆ ಹೇಳಿ ಕಟ್ಟು ಬಿಚ್ಚಿಸಿ. ನಾಳೆಯಿಂದಲೇ ನಮ್ಮಲ್ಲಿ ಲೆಕ್ಕ ಬರೆಯುವ ರೈಟರ್ ಕೆಲಸ."

ನಾನಿನ್ನೂ ಕೆಲಸವಿಲ್ಲದೆ ಕೂತಿದ್ದೆ. ಆಸೆಯಾಗಲಿಲ್ಲ ಅಂದರೆ ಸುಳ್ಳಾದೀತು.

"ಓದಿದ್ದಕ್ಕೇ ಸಾರ್, ಬೆಂಕಿ ಬೇಡ ಅಂದದ್ದು. ನಾನು ಹೇಳುವುದಿಲ್ಲ."

ಅವರು ದೊಡ್ಡಪ್ಪನ ಕಡೆ ತಿರುಗಿದರು. ದೊಡ್ಡಪ್ಪ ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಾ, "ನಾ ಬಿಚ್ಚಿಕೆ ತಯಾರೇ. ಮೂರು ಜನ ಸೇರೊಕಲ್ಲ? ಆ ಕೇರಿಯವಂಗೆ ಸೊಂಟನೋವು ಇನ್ನೂ ಹೋಗ್ಲೆ" ಎಂದರು.

ಜೀಪು ಹೊರಟಿತು. ಅವ್ವ ತುಂಬ ದಿನ ನನಗೆ ಮುಖ ಕೊಟ್ಟು ಮಾತಾಡಲಿಲ್ಲ. ಕೊನೆಗೆ ಮೇಷ್ಟರ ಕೆಲಸ ಸಿಕ್ಕಿತು, ಅದೂ ನಡೆದು ಹೋಗುವಷ್ಟು ಹತ್ತಿರದ ಶಾಲೆಯಲ್ಲಲ್ಲ. ಆದರೂ ಹಬ್ಬಕ್ಕೆ ಒಂದು ವರ್ಷವೂ ತಪ್ಪಿಸಲಿಲ್ಲ.

ಬಾಣೆ ಕೇಳಿಕೊಂಡು ಈಗಲೂ ಯಾರಾದರೂ ಬರುತ್ತಾರೆ. ಬರಲಿ. ಹಿರಿಯರು ಹೋದರು, ಅವರ ಜಾಗದಲ್ಲಿ ನಾವು ಮೂವರು ನಿಲ್ಲುತ್ತೇವೆ. ಈ ವರ್ಷ ಸೊಂಟನೋವು ಅಂತ ಮಧ್ಯದಲ್ಲೇ ಮನೆಗೆ ಹೋಗುವವನು ನಾನು.