ಗುಂಯ್‌ಗುಡುವ ಕಂಪ್ಯೂಟರಿಗೆ ಕಿವಿಗೊಡುವಾಕೆ

ಬೆಳಗಿನ ಐದೂವರೆ. ಮೇನೊಂಗ್ ಊರಿನ ಹಳೆಯ ಹೊಗೆಸೊಪ್ಪಿನ ಗೋದಾಮಿಗೆ ಅಂಟಿಕೊಂಡ ಸಣ್ಣ ಕೋಣೆಯಲ್ಲಿ ಚುಂಗ್ ರುಯ್-ಶ್ಯಾ ಕಣ್ಣುಮುಚ್ಚಿ ಕೂತಿದ್ದಾರೆ. ಕಿವಿಗೆ ದಪ್ಪನೆಯ ಹೆಡ್‌ಫೋನು. ಎರಡೂ ಕೈ ಮಡಿಲಲ್ಲಿವೆ. ಸ್ಕ್ರೂಡ್ರೈವರ್ ಇನ್ನೂ ಚೀಲದಿಂದ ಹೊರಗೆ ಬಂದಿಲ್ಲ. ನೋಡಿದವರು ಇವರು ಜಪಕ್ಕೆ ಕೂತಿದ್ದಾರೆ ಎಂದುಕೊಳ್ಳಬೇಕು. ಅವರು ಕೇಳುತ್ತಿರುವುದು ಎದುರಿಗಿರುವ ಹಳೆಯ ಕಂಪ್ಯೂಟರನ್ನು. ಮೈಕಿನ ಮುಂದೆ ಯಾರೂ ಇಲ್ಲ, ಆದರೂ ಒಳಗಿನಿಂದ ಏನೋ ಗುಂಯ್‌ಗುಡುತ್ತಿದೆ.

"ಮೊದಲ ಐದು ನಿಮಿಷ ಏನನ್ನೂ ಮುಟ್ಟಬಾರದು," ಎನ್ನುತ್ತಾರೆ ಕಣ್ಣು ತೆರೆಯದೆ. "ಬಂದವರೇ ಎಲ್ಲಾ ಕಿತ್ತು ಹಾಕಿದ್ರೆ ಯಾವ ಸದ್ದು ಎಲ್ಲಿಂದ ಬಂತು ಅಂತಾನೇ ಗೊತ್ತಾಗಲ್ಲ. ಮದುವೆಮನೇಲಿ ಕರೀದೆ ಬಂದೋರು ಇರ್ತಾರಲ್ಲ, ಹಂಗೆ. ಒಬ್ಬೊಬ್ಬರನ್ನೇ ಗುರುತು ಹಿಡಿದು ಹೊರಗೆ ಕಳಿಸ್ಬೇಕು."

ಇಷ್ಟು ಬೇಗ ಬರುವುದಕ್ಕೂ ಕಾರಣವಿದೆ. ಆರೂವರೆ ದಾಟಿದರೆ ಬೀದಿಯಲ್ಲಿ ಸ್ಕೂಟರುಗಳು ಶುರುವಾಗುತ್ತವೆ, ಎದುರಿನ ಅಕ್ಕಿಶಾವಿಗೆ ಅಂಗಡಿಯ ಹಬೆಪಾತ್ರೆ ಸೀಟಿ ಹಾಕುತ್ತದೆ. ಹೊರಗಿನ ಸದ್ದು ಏಳುವ ಮೊದಲೇ ಒಳಗಿನ ಸದ್ದನ್ನು ಹಿಡಿಯಬೇಕು.

ಕೋಣೆ ಇರುವುದು ಕಣ್ಣು ಕಾಣದವರಿಗಾಗಿ ಪುಸ್ತಕ ಓದಿ ದನಿ ಹಿಡಿದಿಡಲು. ನಡೆಸುತ್ತಿರುವವರು ಶೂ ಜಿನ್-ಫಾ. ಒಂಬತ್ತನೆಯ ವಯಸ್ಸಿನಲ್ಲೇ ದೃಷ್ಟಿ ಕಳೆದುಕೊಂಡು, ನಲವತ್ತು ವರ್ಷ ಜನರ ಮೈಕೈ ನೋವಿಗೆ ಮಾಲೀಸು ಮಾಡಿ ಬದುಕಿದವರು. ಅರವತ್ತೆರಡು ಕೇಳುಗರು ಅವರನ್ನು ನಂಬಿಕೊಂಡಿದ್ದಾರೆ. ಹೆಚ್ಚಿನವರು ಹಕ್ಕಾ ಮಾತು ಬಿಟ್ಟು ಬೇರೆ ತಿಳಿಯದ ಮುದುಕಿಯರು. ಕಂಪ್ಯೂಟರ್ ಯಾರೋ ಬೇಡವೆಂದು ಬಿಟ್ಟದ್ದು. ಅದನ್ನು ನಡೆಸುವುದು ಲಿನಕ್ಸ್ ಎಂಬ ಮುಕ್ತ ತಂತ್ರಾಂಶ, ಏಕೆಂದರೆ ಅದಕ್ಕೆ ಯಾರ ಅಪ್ಪಣೆಯೂ ಬೇಡ, ಪರದೆಯ ಮೇಲಿನ ಅಕ್ಷರವನ್ನು ಓದಿ ಹೇಳುವ ದನಿಯೂ ಅದರಲ್ಲೇ ಬರುತ್ತದೆ.

ಇಂದು ಬುಧವಾರ. ಲ್ಯೂ ಮಾನ್-ಮೇ ಓದುತ್ತಿರುವ ಪುಸ್ತಕದಲ್ಲಿ ಇನ್ನು ಮೂರು ಅಧ್ಯಾಯ ಬಾಕಿ ಇದೆ. ಹೊಗೆಸೊಪ್ಪು ಒಣಗಿಸುವ ಒಲೆಮನೆಗಳಲ್ಲಿ ದುಡಿದ ಹೆಂಗಸರು ತಾವೇ ಹೇಳಿಕೊಂಡ ಸಂಗತಿಗಳು ಅವು. ಮಾನ್-ಮೇಗೆ ಎಪ್ಪತ್ಮೂರು. ಊರಿನ ಬಸ್ ನಿಲ್ದಾಣದಲ್ಲಿ ಮೂವತ್ತು ವರ್ಷ ಬಸ್ಸುಗಳ ಹೆಸರು ಕೂಗಿದವರು. ಅವರ ದನಿ ಕೇಳದೆ ಬೆಳೆದವರು ಈ ಕಡೆ ಕಡಿಮೆ. ಶುಕ್ರವಾರ ಅವರ ಗಂಟಲಿನ ಗಡ್ಡೆಗೆ ಶಸ್ತ್ರಚಿಕಿತ್ಸೆ. ದನಿ ಮೊದಲಿನಂತೆಯೇ ಬರುತ್ತದೆಂದು ಹೇಳಲಾರೆ ಎಂದು ಡಾಕ್ಟರು ಮೊದಲೇ ಹೇಳಿಬಿಟ್ಟಿದ್ದಾರೆ. ನಾಳೆ ಸಂಜೆ ಆಸ್ಪತ್ರೆ ಸೇರಬೇಕು. ಅಷ್ಟರಲ್ಲಿ ಕೋಣೆಯ ಸದ್ದು ಹೋಗದಿದ್ದರೆ, ಹದಿನೇಳು ಅಧ್ಯಾಯ ಒಂದು ದನಿಯಲ್ಲಿ ಕೇಳಿದವರು ಕೊನೆಯ ಮೂರನ್ನು ಇನ್ಯಾರದೋ ದನಿಯಲ್ಲಿ ಕೇಳಬೇಕು.

ರುಯ್-ಶ್ಯಾ ಕಣ್ಣು ತೆರೆದು ಮೊದಲು ನೋಡಿದ್ದು ಕಂಪ್ಯೂಟರ್ ಪೆಟ್ಟಿಗೆಯ ನೆತ್ತಿಯನ್ನು. ಅಲ್ಲಿ ಜೋಳದ ಉಬ್ಬುತಿಂಡಿಯ ಹಸಿರು ಪೊಟ್ಟಣಗಳು ಒಂದರ ಮೇಲೊಂದು ಕೂತಿವೆ.

"ಜಿನ್-ಫಾ ಅಣ್ಣಾ, ಇದೇನ್ರೀ? ಕಂಪ್ಯೂಟರ್ರೋ, ಕಿರಾಣಿ ಅಂಗಡೀನೋ?"

"ಎಲ್ಲಾ ಹಸಿರು ಪೊಟ್ಣಾನೇ ತಾಯಿ. ಕೆಂಪು ಒಂದೂ ಇಲ್ಲ. ಬಂದೋರ ಹತ್ರ ತಾರೀಕು ಓದಿಸ್ಕೊಂಡೇ ಇಟ್ಟಿರೋದು."

"ಒಂದು ಸಾಲದಾ?"

"ಒಂದಿಟ್ಟೆ, ಸದ್ದು ನಿಲ್ಲಲಿಲ್ಲ. ಎರಡನೇದಿಟ್ಟೆ, ಜಾಸ್ತಿ ಆಯ್ತು. ಇದೇನೋ ಹಟ ಮಾಡ್ತಿದೆ ಅಂತ ಇನ್ನೂ ಎರಡಿಟ್ಟೆ..."

"ಈಗ ಏಳಾಗಿದೆ! ನಮ್ಮೂರು ಕಾಯೋ ಭೂಮಿದೇವರಿಗೂ ಯಾರೂ ಇಷ್ಟು ನೈವೇದ್ಯ ಇಡಲ್ಲ."

ಈ ಕಡೆ ಹಸಿರು ಪೊಟ್ಟಣವಿಲ್ಲದ ಯಂತ್ರವೇ ಇಲ್ಲ. ಬ್ಯಾಂಕಿನಲ್ಲೂ ಇದೆ, ಆಸ್ಪತ್ರೆಯಲ್ಲೂ ಇದೆ. ತಿಂಡಿಯ ಹೆಸರೇ ಮಕ್ಕಳಿಗೆ ಹೇಳುವ ಹಾಗೆ, ಜಾಣನಾಗಿರು ಕಂದ ಎಂದು. ಇಟ್ಟರೆ ಯಂತ್ರ ಹಟ ಮಾಡದೆ ನಡೆಯುತ್ತದೆಂದು ನಂಬಿಕೆ; ಹಸಿರೆಂದರೆ ನಡೆ, ಕೆಂಪೆಂದರೆ ನಿಲ್ಲು. ಅದನ್ನು ತೆರೆಯಬಾರದು, ತಿನ್ನಬಾರದು, ತಾರೀಕು ಮೀರಿದ್ದನ್ನು ಇಡಬಾರದು. ಜಿನ್-ಫಾ ಇವೆಲ್ಲವನ್ನೂ ಪಾಲಿಸಿದ್ದಾರೆ. ಪೆಟ್ಟಿಗೆಯ ನೆತ್ತಿಯಲ್ಲಿ ಬಿಸಿಗಾಳಿ ಹೊರಹೋಗುವ ಜಾಲರಿ ಇದೆ ಎಂಬುದು ಮಾತ್ರ ಅವರಿಗೆ ಗೊತ್ತಿರಲಿಲ್ಲ. ಪೊಟ್ಟಣ ಏರಿದಂತೆಲ್ಲ ಒಳಗೆ ಕಾವು ಏರಿದೆ, ಕಾವು ಏರಿದಂತೆಲ್ಲ ಫ್ಯಾನು ಜೋರಾಗಿದೆ, ಫ್ಯಾನು ಜೋರಾದಂತೆಲ್ಲ ಇನ್ನೊಂದು ಪೊಟ್ಟಣ ಬಂದಿದೆ.

ರುಯ್-ಶ್ಯಾ ಒಂದೊಂದನ್ನೂ ಎರಡು ಕೈಯಲ್ಲಿ ಎತ್ತಿ ಕಿಟಕಿಕಟ್ಟೆಯ ಮೇಲೆ ಇಡುತ್ತಾರೆ. ಕೊನೆಯದನ್ನು ಪೆಟ್ಟಿಗೆಯ ಪಕ್ಕಕ್ಕೆ ಒರಗಿಸುತ್ತಾರೆ. ನಾಲ್ಕು ನಿಮಿಷದಲ್ಲಿ ಫ್ಯಾನಿನ ಗೊರಕೆ ಇಳಿಯುತ್ತದೆ. "ಪಾಪ, ಉಸಿರುಗಟ್ಟಿತ್ತು. ಒಂದನ್ನ ಪಕ್ಕದಲ್ಲಿ ಬಿಟ್ಟಿದೀನಿ ಅಣ್ಣಾ, ಹೆದರಬೇಡಿ. ಅದರ ಕೆಲಸ ಅದು ಮಾಡ್ಲಿ, ನನ್ನದು ನಾನು ಮಾಡ್ತೀನಿ."

ಅರವತ್ತೊಂದರ ರುಯ್-ಶ್ಯಾ ಈ ಕೆಲಸವನ್ನು ಯಾವ ಶಾಲೆಯಲ್ಲೂ ಕಲಿತವರಲ್ಲ. ಹದಿನೇಳಕ್ಕೆ ಬಂದರಿನ ಪಕ್ಕದ ಕಾರ್ಖಾನೆ ಸೇರಿದರು. ಅದರದೇ ವಸತಿಯಲ್ಲಿ ವಾಸ, ಒಂದೊಂದು ಕೋಣೆಗೆ ಎಂಟೆಂಟು ಹುಡುಗಿಯರು. ಕಾರ್ಖಾನೆಯಲ್ಲಿ ಫೋನಿನೊಳಗೆ ದನಿ ಕೇಳಿಸುವ ಪುಟ್ಟ ಬಿಲ್ಲೆಗಳು ತಯಾರಾಗುತ್ತಿದ್ದವು. ಇವರ ಕೆಲಸ ಒಂದೊಂದನ್ನೂ ಕಿವಿಗೆ ಹಿಡಿದು, ಚೊಕ್ಕ, ಗರಗರ, ಸತ್ತದ್ದು ಎಂದು ಮೂರು ಬುಟ್ಟಿಗೆ ಹಾಕುವುದು. ದಿನಕ್ಕೆ ಒಂಬೈನೂರು. ಇಪ್ಪತ್ತೆರಡು ವರ್ಷ. ಒಂದು ಬೆಳಿಗ್ಗೆ ಹೋದಾಗ ಗೇಟಿಗೆ ಕಾಗದ ಅಂಟಿಸಿತ್ತು. ಕಾರ್ಖಾನೆ ಸಮುದ್ರದ ಆಚೆಗೆ ಹೊರಟುಹೋಗಿತ್ತು.

ಊರಿಗೆ ಬಂದು ಮದುವೆ ಚಪ್ಪರ, ಸಾವಿನ ಚಪ್ಪರಗಳ ಧ್ವನಿವರ್ಧಕ ರಿಪೇರಿಗೆ ಇಳಿದರು. "ಸೊಸೆ ಏನ್ ಮಾಡ್ತಾಳೆ ಅಂತ ಯಾರಾದ್ರೂ ಕೇಳಿದ್ರೆ ನಮ್ಮತ್ತೆ ಹೇಳೋರು, ‘ಏನಿಲ್ಲ, ಪರರ ಮನೇಲಿ ಹೋಗಿ ಕಿವಿಗೊಟ್ಟು ಕೂರ್ತಾಳೆ’ ಅಂತ." ಹೇಳಿ ನಗುತ್ತಾರೆ. ನಿವೃತ್ತ ಮೇಷ್ಟ್ರೊಬ್ಬರು ಸಂಘಸಂಸ್ಥೆಗಳಿಗೆ ಹಳೆ ಕಂಪ್ಯೂಟರುಗಳನ್ನು ಲಿನಕ್ಸ್ ಹಾಕಿ ಹಂಚುತ್ತಿದ್ದ ಕಾಲದಲ್ಲಿ, ದನಿಯ ತೊಂದರೆ ಬಂದಾಗಲೆಲ್ಲ ಇವರನ್ನು ಕರೆಯುತ್ತಿದ್ದರು. ಇಂಗ್ಲಿಷ್ ಬಾರದ ರುಯ್-ಶ್ಯಾ, ಕಪ್ಪು ಪರದೆಯ ಮೇಲೆ ಬರೆಯಬೇಕಾದ ಅಪ್ಪಣೆಗಳನ್ನು ರಂಗೋಲಿ ನಕಲು ಮಾಡುವಂತೆ ಒಂದೊಂದೇ ಅಕ್ಷರ ನೋಡಿ ಪುಸ್ತಕದಲ್ಲಿ ಇಳಿಸಿಕೊಂಡರು. ಪಕ್ಕದಲ್ಲಿ ತಮ್ಮ ಲಿಪಿಯಲ್ಲಿ ಅದರ ಅರ್ಥ: ಬಾಗಿಲು ಮುಚ್ಚು, ಎಚ್ಚರವಾಗಿರು, ಯಾರಿದ್ದೀರಿ ಒಳಗೆ.

ಈಗ ವಾರಕ್ಕೆ ಹದಿನೈದು ಇಪ್ಪತ್ತು ಕರೆ, ದಿನಕ್ಕೆ ನಲವತ್ತು ಕಿಲೋಮೀಟರು ಸ್ಕೂಟರು. "ಹತ್ತರಲ್ಲಿ ಆರು ಬರೀ ವೈರಿಂದು. ಮೂರು ಒಳಗಿನ ಏರ್ಪಾಟಿಂದು. ಇನ್ನೊಂದು ಇರ್ತದೆ ನೋಡಿ, ಅದು ನನಗೂ ಗೊತ್ತಾಗಲ್ಲ."

ಫ್ಯಾನು ಇಳಿದ ಮೇಲೆ ಅದರ ಅಡಿಯಲ್ಲಿದ್ದ ಗುಂಯ್ ಸ್ಪಷ್ಟವಾಗಿದೆ. ರುಯ್-ಶ್ಯಾ ಪೆಟ್ಟಿಗೆಯ ತಗಡಿನ ಮೇಲೆ ಅಂಗೈ ಇಡುತ್ತಾರೆ.

"ಹೋಯ್ತು!" ಎನ್ನುತ್ತಾರೆ ಇನ್ನೊಂದು ಹೆಡ್‌ಫೋನು ಹಾಕಿಕೊಂಡ ಜಿನ್-ಫಾ. ಕೈ ತೆಗೆದರೆ, "ಬಂತು." ಇಟ್ಟರೆ, "ಹೋಯ್ತು. ಎರಡು ದಿನ ಹಿಂಗೇ ಕೈ ಇಟ್ಕೊಂಡು ಕೂತ್ಬಿಡಿ ತಾಯಿ, ಊಟ ನಾನು ತಿನ್ನಿಸ್ತೀನಿ."

"ನೀವು ತಿನ್ನಿಸಿದ್ರೆ ಮೂಗಿಗೇ ಹೋಗ್ತದೆ, ಬೇಡ."

ಅವರು ಬಗ್ಗಿ ಪ್ಲಗ್ಗನ್ನು ಎಳೆದು ನೋಡುತ್ತಾರೆ. ಮೂರು ಕಡ್ಡಿಗಳಲ್ಲಿ ಒಂದಿಲ್ಲ. ಹಳೆಯ ಕಟ್ಟಡದ ಗೋಡೆಯಲ್ಲಿ ಎರಡೇ ತೂತು. ಮೂರನೆಯ ಕಡ್ಡಿಯನ್ನು ಯಾರೋ ಇಕ್ಕಳದಲ್ಲಿ ಮುರಿದುಹಾಕಿದ್ದಾರೆ. ನೆಲಕ್ಕೆ ಇಳಿದುಹೋಗಬೇಕಾದ ಕರೆಂಟು ದಾರಿ ಸಿಗದೆ ದನಿಯೊಳಗೆ ಅಲೆಯುತ್ತಿದೆ. ಹಿಂದಿನ ಅಡುಗೆಮನೆಯಲ್ಲಿ ಬಿಸಿನೀರಿನ ಯಂತ್ರಕ್ಕೆಂದು ಹೋದ ವರ್ಷ ಮೂರು ತೂತಿನ ಹೊಸ ಸಾಕೆಟ್ ಹಾಕಿಸಿದ್ದರು. ಅಲ್ಲಿಂದ ಉದ್ದನೆಯ ತಂತಿ ಎಳೆದು, ಹೊಸ ಪ್ಲಗ್ಗು ಕಟ್ಟಿ, ಕಂಪ್ಯೂಟರು, ಸ್ಪೀಕರು ಎರಡನ್ನೂ ಅದೊಂದಕ್ಕೇ ಸೇರಿಸುತ್ತಾರೆ. ಗುಂಯ್ ನಿಲ್ಲುತ್ತದೆ.

ಏಳು ಗಂಟೆಗೆ ಮಾನ್-ಮೇ ಬರುತ್ತಾರೆ, ಕುತ್ತಿಗೆಗೆ ತೆಳು ಬಟ್ಟೆ ಸುತ್ತಿಕೊಂಡು. ಕೂರುವ ಮೊದಲೇ ಅವರ ಮಾತು: "ಸುಮ್ನೆ ಯಂತ್ರಕ್ಕೆ ಯಾಕೆ ಕಷ್ಟ ಕೊಡ್ತೀರಾ? ನಾನು ಶುರು ಮಾಡೋ ಮುಂಚೆ ಪ್ರತಿ ಸಲ ‘ಟಪ್’ ಅನ್ನುತ್ತಲ್ಲ, ಅದು ನನ್ನ ಗಂಟಲೇ. ಗಡ್ಡೆ ತಿರುಗ್ತದೆ. ಯಾರಾದ್ರೂ ಚೆನ್ನಾಗಿರೋರ ಹತ್ರ ಓದಿಸಿ, ಪುಣ್ಯ ಬರ್ತದೆ."

ಒಂದು ತಿಂಗಳಿಂದ ಅವರು ಇದನ್ನು ನಂಬಿಕೊಂಡಿದ್ದಾರೆ. ಓದುವ ಮೊದಲು ನಾಲ್ಕು ಸಲ ಎಂಜಲು ನುಂಗಿ, ಹೆದರಿ ಹೆದರಿ ಬಾಯಿ ತೆರೆಯುತ್ತಾರೆ.

ರುಯ್-ಶ್ಯಾ ವಾದ ಮಾಡುವುದಿಲ್ಲ. "ಅಕ್ಕಾ, ಒಂದು ಉಪಕಾರ. ಅಂಗಳಕ್ಕೆ ಹೋಗಿ ಆ ಪಪ್ಪಾಯಿ ಗಿಡ ಮುಟ್ಟಿ ಬನ್ನಿ." ಮಾನ್-ಮೇ ಹೋಗಿ ಬರುವಷ್ಟರಲ್ಲಿ ಖಾಲಿ ಕೋಣೆಯ ದನಿ ಹಿಡಿದು, ಬಂದವರ ಕಿವಿಗೆ ಹೆಡ್‌ಫೋನು ಇಡುತ್ತಾರೆ. ಟಪ್.

"ನೀವು ಪಪ್ಪಾಯಿ ಹತ್ರ ಇದ್ರಿ. ನಿಮ್ಮ ಗಂಟಲೊಂದನ್ನೇ ಇಲ್ಲಿ ಬಿಟ್ಟು ಹೋಗಿದ್ರಾ?"

ಮಾನ್-ಮೇ ಹೆಡ್‌ಫೋನು ತೆಗೆದು ಕುರ್ಚಿಯಲ್ಲಿ ಕೂರುತ್ತಾರೆ. ಕುತ್ತಿಗೆಯ ಬಟ್ಟೆಯನ್ನು ಸಡಿಲಿಸಿಕೊಳ್ಳುತ್ತಾರೆ.

ಟಪ್ ಎನ್ನುವುದು ಯಂತ್ರದ ಜಿಪುಣತನ. ಕೆಲಸವಿಲ್ಲದಿದ್ದರೆ ಕರೆಂಟು ಉಳಿಸಲು ದನಿಯ ಭಾಗವನ್ನು ಅದು ಮಲಗಿಸಿಬಿಡುತ್ತದೆ. ಇಲ್ಲಿ ಒಂದು ಪ್ಯಾರಾ ಓದಿ, ನಿಲ್ಲಿಸಿ, ಕೊಂಚ ಮಾತಾಡಿ, ಮತ್ತೆ ಶುರು ಮಾಡುತ್ತಾರೆ. ಪ್ರತಿ ಸಲ ಎದ್ದಾಗಲೂ ಅದು ನೆಟಿಕೆ ಮುರಿಯುತ್ತದೆ. ರುಯ್-ಶ್ಯಾ ತಮ್ಮ ಅಪ್ಪಣೆಗಳ ಪುಸ್ತಕ ತೆರೆದು, ‘ಎಚ್ಚರವಾಗಿರು’ ಎಂದು ಬರೆದ ಪುಟ ನೋಡಿ, ಕಪ್ಪು ಪರದೆಯಲ್ಲಿ ಒಂದು ಎಂಬ ಅಂಕಿ ಇದ್ದಲ್ಲಿ ಸೊನ್ನೆ ಬರೆಯುತ್ತಾರೆ. ಯಂತ್ರವನ್ನು ಒಮ್ಮೆ ಆರಿಸಿ ಹಚ್ಚುತ್ತಾರೆ. ಟಪ್ ಇಲ್ಲ.

"ಮುಗೀತು. ಓದಿ ಅಕ್ಕಾ."

"ಮುಗಿದಿಲ್ಲ," ಎನ್ನುತ್ತಾರೆ ಜಿನ್-ಫಾ. "ಒಂದು ಸೊಳ್ಳೆ ಉಳಿದಿದೆ."

ರುಯ್-ಶ್ಯಾ ಮತ್ತೆ ಕೇಳುತ್ತಾರೆ. ಹೆಡ್‌ಫೋನನ್ನು ಬಲಗಿವಿಗೆ ಒತ್ತಿ ಹಿಡಿಯುತ್ತಾರೆ. "ಇಲ್ಲ ಅಣ್ಣಾ, ಚೊಕ್ಕ ಇದೆ."

"ಸಣ್ಣ ಸೊಳ್ಳೆ ತಾಯಿ. ಬಾವಿಯೊಳಗೆ ಇದ್ದಂಗೆ."

ಬೀದಿಯಲ್ಲಿ ಸ್ಕೂಟರುಗಳು ಶುರುವಾಗಿವೆ. ಮಾನ್-ಮೇ ಪುಸ್ತಕ ತೆರೆದುಕೊಂಡು ಕಾಯುತ್ತಿದ್ದಾರೆ. ರುಯ್-ಶ್ಯಾ ಹೆಡ್‌ಫೋನು ತೆಗೆದು ಮೇಜಿನ ಮೇಲೆ ಇಡುತ್ತಾರೆ. ಇನ್ನೂ ಯಾವ ಮನೆಯಲ್ಲೂ ಹೇಳದ ಮಾತನ್ನು ಹೇಳುತ್ತಾರೆ.

"ನನಗೆ ಅಷ್ಟು ಸಣ್ಣ ಸದ್ದು ಕೇಳೋದು ನಿಂತು ಎರಡು ವರ್ಷ ಆಯ್ತು. ಕಾರ್ಖಾನೆ ಕಿವಿ. ಈ ಕಡೆ ಒಬ್ಬರಿಗೂ ಗೊತ್ತಿಲ್ಲ. ಗೊತ್ತಾದ್ರೆ ಯಾರು ಕರೀತಾರೆ?"

ಅದಕ್ಕೆ ಜಿನ್-ಫಾ: "ನನಗೆ ಕಣ್ಣಿಲ್ಲ, ನಿಮಗೆ ಕಿವಿಯಿಲ್ಲ, ಮಾನ್-ಮೇ ಅಕ್ಕನಿಗೆ ಗಂಟಲಿಲ್ಲ. ಒಳ್ಳೇ ಮೇಳ ಕಟ್ಟಿದೀವಿ ನಾವು!"

ಮೊದಲು ನಕ್ಕವರು ಮಾನ್-ಮೇ. ನಗು ಕೆಮ್ಮಾಗಿ, ಕೆಮ್ಮು ಮತ್ತೆ ನಗುವಾಗಿ, ನೀರು ಕುಡಿಸಬೇಕಾಯಿತು.

"ಸರಿ, ಹಂಗಾದ್ರೆ ನೀವೇ ನನ್ನ ಕಿವಿ," ಎಂದು ರುಯ್-ಶ್ಯಾ ಮೌಸನ್ನು ಮೇಜಿನ ಮೇಲೆ ಸುತ್ತಿಸುತ್ತಾರೆ. "ಈಗ?"

"ಸೊಳ್ಳೆ ಓಡಾಡ್ತಿದೆ." ರುಯ್-ಶ್ಯಾ ಮೌಸಿನಿಂದ ಕೈ ತೆಗೆಯುತ್ತಾರೆ.

"ಈಗ?"

"ಕೂತ್ಕೊಳ್ತು."

ಮೈಕು ಪೆಟ್ಟಿಗೆಯ ಮುಂದಿನ ತೂತಿಗೆ ಸಿಕ್ಕಿಸಿದೆ. ಆ ತೂತಿನಿಂದ ಒಳಗೆ ಹೋಗುವ ಬಡಕಲು ತಂತಿ ಇಡೀ ಯಂತ್ರದ ಗಲಾಟೆಯ ನಡುವೆ ಹಾದುಹೋಗುತ್ತದೆ. ಮೌಸ್ ಕದಲಿದ್ದೂ ಅದಕ್ಕೆ ಅಂಟುತ್ತದೆ. ಮೈಕನ್ನು ಕಿತ್ತು ಹಿಂದಿನ ತೂತಿಗೆ ಹಾಕುತ್ತಾರೆ. ಜಿನ್-ಫಾ ತಲೆ ಓರೆ ಮಾಡಿ ಕೇಳಿ ಕೇಳಿ, ಕೊನೆಗೆ ಕೈ ಎತ್ತುತ್ತಾರೆ.

"ಹೋಯ್ತು. ಈಗ ಗೋಡೆ ಮಾತ್ರ ಕೇಳ್ತಿದೆ."

ಮಾನ್-ಮೇ ಅಂದು ಒಂದೂವರೆ ಅಧ್ಯಾಯ ಓದಿದರು, ಗುರುವಾರ ಇನ್ನೊಂದೂವರೆ. ಕೊನೆಯ ಸಾಲು ಮುಗಿದಾಗ ಮಧ್ಯಾಹ್ನ ಮೂರು. ದನಿಗಳನ್ನು ಒರೆಸಿ ಚೊಕ್ಕ ಮಾಡುವ ತಂತ್ರಾಂಶ ಯಂತ್ರದಲ್ಲಿದೆ. ಸಾಲುಗಳ ನಡುವೆ ಉಸಿರೆಳೆಯುವ ಸದ್ದನ್ನೂ ತೆಗೆದುಬಿಡೋಣವೇ ಎಂದು ಜಿನ್-ಫಾ ಕೇಳಿದರು. ಪಟ್ಟಣದ ಕೋಣೆಗಳಲ್ಲಿ ಹಾಗೆಯೇ ಮಾಡುತ್ತಾರೆ.

"ಬೇಡ," ಎಂದರು ರುಯ್-ಶ್ಯಾ. "ಅದು ಕರೀದೆ ಬಂದಿದ್ದಲ್ಲ. ಅದು ಮನೆಯವರದ್ದು."

ಇದೆಲ್ಲ ನಡೆದು ಆರು ವಾರ. ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆಯಿತು. ದನಿ ಮಾತ್ರ ಅರ್ಧ ಬಂದಿದೆ, ಪಿಸುಮಾತಿಗಿಂತ ಸ್ವಲ್ಪ ಮೇಲೆ. ಕೇಳುಗರಲ್ಲಿ ತೊಂಬತ್ತೊಂದರ ಅಜ್ಜಿಯೊಬ್ಬರು ಫೋನು ಮಾಡಿ, ಓದುವಾಕೆ ನಡುನಡುವೆ ಉಸಿರೆಳೆದುಕೊಂಡಾಗ ತಾನೂ ಎಳೆದುಕೊಳ್ಳುತ್ತೇನೆ, ಒಲೆಮನೆಯಲ್ಲಿ ಪಕ್ಕದಲ್ಲೇ ಕೂತು ಎಲೆ ಪೋಣಿಸಿದಂತಾಗುತ್ತದೆ ಎಂದರಂತೆ. ರುಯ್-ಶ್ಯಾ ಈಗ ಸಣ್ಣ ಸದ್ದಿನ ಅನುಮಾನ ಬಂದ ಮನೆಗಳಿಗೆ ಜಿನ್-ಫಾ ಅವರನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೋಗುತ್ತಾರೆ. ಕಿವಿಯ ವಿಷಯ ಊರಿಗೆಲ್ಲ ಗೊತ್ತಾಗಿದೆ. ಕರೆಗಳು ಕಡಿಮೆಯಾಗಿಲ್ಲ.

ಇಂದು ಬೆಳಿಗ್ಗೆ ರುಯ್-ಶ್ಯಾ ಪೆಟ್ಟಿಗೆಯ ಪಕ್ಕದ ಹಸಿರು ಪೊಟ್ಟಣದ ತಾರೀಕು ನೋಡಿ, ಹೊಸದನ್ನು ಇಟ್ಟು ಹೊರಡುವಷ್ಟರಲ್ಲಿ ಮಾನ್-ಮೇ ಬಂದಿದ್ದಾರೆ. ಇಷ್ಟು ದಿನ ಧೈರ್ಯ ಬಂದಿರಲಿಲ್ಲವಂತೆ. ರುಯ್-ಶ್ಯಾ ಆಕೆಯನ್ನು ಕೂರಿಸಿ, ಹೆಡ್‌ಫೋನು ಇಟ್ಟು, ಕೊನೆಯ ಅಧ್ಯಾಯ ಹಚ್ಚುತ್ತಾರೆ. ಮಾನ್-ಮೇ ಕಣ್ಣುಮುಚ್ಚಿ ಕೇಳುತ್ತಾರೆ. ಎರಡು ಪುಟದಷ್ಟು ಹೊತ್ತಾದ ಮೇಲೆ ಉಳಿದಿರುವ ದನಿಯಲ್ಲಿ ಕೇಳುತ್ತಾರೆ:

"ಇದು ನಾನೇನಾ?"

ಚೀಲದ ಬಾಯಿ ಕಟ್ಟುತ್ತಿದ್ದ ರುಯ್-ಶ್ಯಾ ತಲೆ ಎತ್ತುತ್ತಾರೆ.

"ನೀವೇ ಅಕ್ಕಾ. ಇನ್ನೊಬ್ಬರು ಇಲ್ಲ ಅದರಲ್ಲಿ. ಎಲ್ಲಾರನ್ನೂ ಹೊರಗೆ ಕಳಿಸಿದ್ದೆ."