ಮುತ್ತಾತನ ಹಾಲುತುಪ್ಪ

ನನ್ನ ಬೀರುವಿನ ಬಾಗಿಲು ತೆಗೆದರೆ ತುಪ್ಪದ ವಾಸನೆ ಬರುತ್ತದೆ. ನುಸಿಗುಳಿಗೆಯ ವಾಸನೆ ಬರಬೇಕಾದ ಕಡೆ ಇದೆಂಥದು ಎಂದು ನೀವು ಹುಬ್ಬೇರಿಸಬಹುದು. ಎರಡು ಸಲ ಒಗೆಸಿದ್ದಾಯಿತು, ಆ ನೀಲಿ ಸೀರೆ ಮಾತ್ರ ವಾಸನೆ ಬಿಟ್ಟುಕೊಡುತ್ತಿಲ್ಲ. ಮೂರನೆಯ ಸಲ ಒಗೆಸಲು ನನಗೇ ಮನಸ್ಸಿಲ್ಲ. ಈ ಬೆಳಿಗ್ಗೆ ಶಾಲೆಗೆ ಹೊರಡುವಾಗ ಅದನ್ನು ಮೂಸುತ್ತ ನಿಂತು ಬಸ್ಸು ತಪ್ಪಿಸಿಕೊಂಡೆ.

ನಾನು ಹೊಳೆನರಸೀಪುರದಲ್ಲಿ ಮಕ್ಕಳಿಗೆ ಚರಿತ್ರೆ ಹೇಳಿಕೊಡುವವಳು. ಎರಡನೆಯ ಮಹಾಯುದ್ಧವನ್ನು ಒಂದೇ ಪೀರಿಯಡ್ಡಿನಲ್ಲಿ ಮುಗಿಸಿ, ಗಂಟೆ ಹೊಡೆಯುವುದರೊಳಗೆ ಪ್ರಶ್ನೋತ್ತರವನ್ನೂ ಬರೆಸಿದವಳು. ಆ ಯುದ್ಧ ನಮ್ಮ ಅಡುಗೆಮನೆಯಲ್ಲೇ ಕೂತು ಅವರೆಕಾಯಿ ಸುಲಿಯುತ್ತಿದೆ ಎಂಬುದು ನನಗೆ ಹೊಳೆದಿರಲೇ ಇಲ್ಲ. ಸುಲಿಯುತ್ತಿದ್ದವಳು ನನ್ನಜ್ಜಿ, ಅಪ್ಪನ ತಾಯಿ. ಅವಳಿನ್ನೂ ಹೊಟ್ಟೆಯಲ್ಲಿದ್ದಾಗ ಅವಳಪ್ಪ ಕೊಣನೂರಿನ ಸಂತೆಗೆಂದು ಹೋದವನು ಹಾಗೇ ಮಿಲಿಟರಿ ಸೇರಿಬಿಟ್ಟನಂತೆ. ಎತ್ತು ಪಳಗಿಸುವುದರಲ್ಲಿ ಗಟ್ಟಿಗ. ಅಲ್ಲಿ ಹೇಸರಗತ್ತೆಗಳನ್ನು ಅವನ ಕೈಗೆ ಕೊಟ್ಟರು. ಆಮೇಲೆ ಬರ್ಮಾದ ಗಡಿಯಲ್ಲಿ ಸತ್ತನೆಂದು ಒಂದು ಕಾಗದ ಬಂತು. ಎಲ್ಲಿ ಮಣ್ಣು ಮಾಡಿದರೆಂದು ಅದರಲ್ಲಿ ಇರಲಿಲ್ಲ.

ನಮ್ಮವರಲ್ಲಿ ಸತ್ತವರನ್ನು ಹೂಳುತ್ತಾರೆ, ಆದಷ್ಟೂ ಅವರವರ ಹೊಲದಲ್ಲೇ. ಮೂರನೆಯ ದಿನ ಆ ಮಣ್ಣಿನ ಗುಡ್ಡೆಯ ಮೇಲೆ ಹಾಲು ತುಪ್ಪ ಬಿಡಬೇಕು. ಆಗ ಸತ್ತವರ ಒಡಲು ತಣ್ಣಗಾಗುತ್ತದೆ ಎಂದು ನಂಬಿಕೆ. ಊರಲ್ಲಿ ಯಾರು ಸತ್ತರೂ ಹಾಲುತುಪ್ಪಕ್ಕೆ ಅಜ್ಜಿಯೇ ಮುಂದು. ಬಂದು ಕಾಲು ತೊಳೆದವಳ ಬಾಯಲ್ಲಿ ಒಂದೇ ಮಾತು:

"ಕಂಡೋರ್ಗೆಲ್ಲ ಬುಟ್ಟೆ ಕಣ್ಮಗ. ನಮ್ಮಪ್ಪುಂಗೇ ಬುಡ್ನಿಲ್ಲ. ಅವ್ನ ಒಡ್ಲು ಇನ್ನೂ ಉರೀತಾ ಐತೆ."

ಎಂಬತ್ತು ದಾಟಿದ ಮೇಲೆ ಒಂದು ದಿನ ಮಾತು ಬದಲಾಯಿತು. "ನಾನು ಓಗೋದ್ರೊಳ್ಗೆ ಅವ್ನ ಗುಡ್ಡೆ ತೋರ್ಸು. ಇಷ್ಟೊಂದು ಓದಿದ್ದೀಯಲ್ಲ, ಇನ್ಯಾತುಕ್ ಓದಿದ್ದು?" ಹದಿನೈದು ವರ್ಷದ ಸರ್ವೀಸಿನಲ್ಲಿ ಯಾವ ಇನ್‌ಸ್ಪೆಕ್ಟರೂ ನನ್ನನ್ನು ಇಷ್ಟು ಸರಿಯಾಗಿ ಪರೀಕ್ಷೆ ಮಾಡಿರಲಿಲ್ಲ.

ಹುಡುಕಿದೆ. ಹಾಸನದ ಕಚೇರಿಗಳಿಗೆ ಅರ್ಜಿ ಕೊಟ್ಟೆ, ಅರಕಲಗೂಡಿನಲ್ಲಿ ಹಳೆಯ ದಾಖಲೆಗಳ ಧೂಳು ಕುಡಿದು ವಾರವೆಲ್ಲ ಸೀನಿದೆ, ಯುದ್ಧದಲ್ಲಿ ಮಡಿದವರ ಗೋರಿಗಳ ಪಟ್ಟಿಯನ್ನು ಕಂಪ್ಯೂಟರಿನಲ್ಲಿ ಕಣ್ಣುರಿಯುವ ತನಕ ನೋಡಿದೆ. ನಮ್ಮ ಮುತ್ತಾತ ತಿಮ್ಮೇಗೌಡ ಯಾವ ಗೋರಿಯಲ್ಲೂ ಇಲ್ಲ. ಎರಡು ವರ್ಷ ಹೀಗೇ ಕಳೆಯಿತು. ಕೊನೆಗೆ ಚನ್ನರಾಯಪಟ್ಟಣದಲ್ಲಿದ್ದ ನಿವೃತ್ತ ಸುಬೇದಾರರೊಬ್ಬರ ಮನೆಗೆ ಹೋಗಿ ಕೂತೆ. ಅವರು ನನ್ನ ಫೈಲನ್ನೆಲ್ಲ ತಿರುವಿಹಾಕಿ ನಕ್ಕರು.

"ಮೇಡಂ, ಗೋರಿ ಪಟ್ಟಿ ಹಿಡ್ಕಂಡು ಕೂತ್ರೆ ಈ ಜನ್ಮಕ್ಕೆ ಸಿಗಾಕಿಲ್ಲ. ಹಿಂದೂ ಅಂತ ಬರ್ಕಂಡಿರ್ತಾರೆ, ಹಿಂದೂ ಅಂದ್ರೆ ಸುಡೋದು. ನಮ್ಮ ಕಡೆ ಊಳ್ತಾರೆ ಅಂತ ಆ ಕಾಡಲ್ಲಿ ಯಾರ್ಗೆ ಗೊತ್ತು?"

ಸತ್ತವನೆಂದ ಮೇಲೆ ಗುಡ್ಡೆ ಇರಲೇಬೇಕು ಎಂಬುದು ನನ್ನ ತಲೆಯಲ್ಲಿ ಎಷ್ಟು ಬೇರೂರಿತ್ತೆಂದರೆ, ಸುಟ್ಟವರ ಪಟ್ಟಿಯನ್ನು ನಾನು ತೆರೆದೇ ಇರಲಿಲ್ಲ. ಸುಬೇದಾರರ ಜಗಲಿಯಲ್ಲೇ ಕೂತು ಮೊಬೈಲಿನಲ್ಲಿ ಹುಡುಕಿದೆ, ಕಾಫಿ ಆರುವುದರೊಳಗೆ ಸಿಕ್ಕಿತು. ಇಂಫಾಲದಲ್ಲಿ, ಹಾಗೆ ಸುಟ್ಟವರ ನೆನಪಿಗೆಂದು ನಿಲ್ಲಿಸಿದ ಕಲ್ಲಿನ ಮೇಲೆ, ಮುತ್ತಾತನ ಹೆಸರಿತ್ತು. ಪಟ್ಟಿಯಲ್ಲಿದ್ದ ಮಿಲಿಟರಿ ನಂಬರು ನಮ್ಮ ಮನೆಯ ಕಾಗದದಲ್ಲಿದ್ದ ನಂಬರೇ.

ಆದರೆ ಅಜ್ಜಿಗೆ ಹೇಳುವುದು ಹೇಗೆ? ನಮ್ಮೂರಿನಲ್ಲಿ ಸುಡುತ್ತಿದ್ದುದು ಕೆಟ್ಟ ರೋಗ ಬಂದು ಸತ್ತವರನ್ನು, ಬಸುರಿಯಾಗಿ ಸತ್ತವಳನ್ನು. ಗುಡ್ಡೆಯೇ ಇಲ್ಲವೆಂದ ಮೇಲೆ ಹಾಲುತುಪ್ಪ ಬಿಡುವುದೆಲ್ಲಿಗೆ? ಒಂದು ಸುಳ್ಳು ಹೇಳಿ ಮುಗಿಸಿಬಿಡಲೇ ಎಂದೂ ಯೋಚಿಸಿದೆ, ಬಾಯಿ ಬರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅಜ್ಜಿ ಆ ದಿನ ಊಟ ಮಾಡಲಿಲ್ಲ. ಮರುದಿನ ಬೆಳಿಗ್ಗೆ ಕೇಳಿದಳು:

"ಒಬ್ನೇನಾ? ಜೊತೆಗ್ ಯಾರಾರ ಅವ್ರಾ?"

"ಕಲ್ಲಿನ ತುಂಬ ಹೆಸರಿವೆ ಅಜ್ಜಿ."

"ಅಂಗಾರೆ ನಡಿ, ಓಗವ."

ಬೆಂಗಳೂರನ್ನೂ ಎರಡೇ ಸಲ ನೋಡಿದ್ದವಳು ವಿಮಾನ ಹತ್ತಿದಳು. ಅವಳು ತನ್ನ ತವರಿನಿಂದ ತರಿಸಿದ ತುಪ್ಪದ ಡಬ್ಬಿಯನ್ನು ನಾನು ಮೂರು ಕವರಿನಲ್ಲಿ ಸುತ್ತಿ ಜಾಣತನದಿಂದ ಸೂಟ್‌ಕೇಸಿನಲ್ಲಿಟ್ಟಿದ್ದೆ. ಇಳಿದು ನೋಡಿದರೆ ಅರ್ಧ ತುಪ್ಪವನ್ನು ನನ್ನ ನೀಲಿ ಸೀರೆ ಕುಡಿದಿತ್ತು. "ಉಳ್ದಿರೋದು ಸಾಕು ಬುಡು" ಎಂದಳು ಅಜ್ಜಿ. ಹಾಲನ್ನು ಅಲ್ಲೇ ಕೊಂಡೆವು.

ಸುತ್ತ ಬೆಟ್ಟ, ನಡುವೆ ಒಪ್ಪವಾಗಿ ಕತ್ತರಿಸಿದ ಹುಲ್ಲು, ಆ ಕಲ್ಲು. ಅಷ್ಟು ಜನ ಸತ್ತವರ ಹೆಸರನ್ನು ಒಂದೇ ಕಡೆ ನಾನು ಕಂಡಿರಲಿಲ್ಲ. ಅಜ್ಜಿಯ ತೋರುಬೆರಳು ಹಿಡಿದು ಮುತ್ತಾತನ ಹೆಸರಿನ ಮೇಲಿಟ್ಟೆ. ಓದು ಬಾರದವಳು ಒಂದೊಂದೇ ಅಕ್ಷರವನ್ನು ನಿಧಾನವಾಗಿ ಸವರಿದಳು. ಸತ್ತಾಗ ಅವನಿಗೆ ಇಪ್ಪತ್ತೈದೂ ತುಂಬಿರಲಿಲ್ಲ, ಇವಳಿಗೆ ಈಗ ಎಂಬತ್ತರ ಮೇಲೆ. "ಬಂದೆ ಕಣ್ಮಗ" ಎಂದಳು ಅಪ್ಪನಿಗೆ.

ಆಮೇಲೆ ಹಾಲಿಗೆ ತುಪ್ಪ ಬೆರೆಸಿ ಕಲ್ಲಿನ ಬುಡಕ್ಕೆ ಬಿಡತೊಡಗಿದಳು. ಮುತ್ತಾತನ ಹೆಸರಿನ ಕೆಳಗೆ ನಿಲ್ಲಲಿಲ್ಲ. ಬಗ್ಗಿದ ಬೆನ್ನಲ್ಲೇ ಈ ತುದಿಯಿಂದ ಆ ತುದಿಯವರೆಗೂ ಬಿಡುತ್ತಾ ಹೋದಳು. ಗಿಡಗಳಿಗೆ ನೀರು ಹಾಯಿಸುತ್ತಿದ್ದ ಮಾಲಿ ಎಲ್ಲಿ ಬೈಯುತ್ತಾನೋ ಎಂದು ನಾನು ಹೆದರಿದ್ದೆ. ಅವನು ಪೈಪನ್ನು ಕೆಳಗಿಟ್ಟು ಟೋಪಿ ತೆಗೆದು ನಿಂತ.

"ಎಲ್ಲರಿಗೂ ಯಾಕಜ್ಜಿ?" ಎಂದೆ.

"ಒಟ್ಗೆ ಬೆಂದವ್ರೆ. ಇವ್ನ್ ಒಬ್ಬುಂಗೆ ಬುಟ್ಟು ಎದ್ದೋದ್ರೆ ಮಿಕ್ಕೋರು ಏನಂದ್ಕಂಡಾರು?"

ಇಷ್ಟು ವರ್ಷ ಜೊತೆಗೇ ಉಂಡು ಮಲಗಿದ ಈ ಮುದುಕಿ ಎಷ್ಟು ದೊಡ್ಡವಳೆಂದು ನನಗೆ ಗೊತ್ತೇ ಇರಲಿಲ್ಲವಲ್ಲ ಎನ್ನಿಸಿ ಕೈಮುಗಿಯಬೇಕೆನ್ನಿಸಿತು. ಹೊರಡುವ ಮುಂಚೆ, ಮುತ್ತಾತನ ಪಕ್ಕದ ಹೆಸರು ಓದು ಎಂದಳು. ಓದಿದೆ. "ಯಾವೂರೋನು?" ಎಂದಳು. ಕಲ್ಲಿನ ಮೇಲೆ ಊರು ಕೆತ್ತಿರಲಿಲ್ಲ.

ಅಜ್ಜಿ ಈಗ ತನ್ನಪ್ಪನ ಮಾತೆತ್ತಿ ಕೊರಗುವುದಿಲ್ಲ. ಸಂಜೆ ನಾನು ಕಂಪ್ಯೂಟರಿನ ಮುಂದೆ ಕೂತರೆ ಪಕ್ಕಕ್ಕೆ ಬಂದು ಕೂತು, "ಸಿಕ್ಕುದ್ನಾ?" ಎನ್ನುತ್ತಾಳೆ. ಆ ಪಕ್ಕದ ಹೆಸರಿನವನು ಗಢವಾಲದ ಕಡೆಯವನೆಂಬಷ್ಟು ಗೊತ್ತಾಗಿದೆ. ಅಲ್ಲಿಯ ಶಾಲೆಗಳಿಗೆ, ಅಂಚೆ ಕಚೇರಿಗಳಿಗೆ ಬರೆಯುತ್ತಿದ್ದೇನೆ. ಹಾಲುತುಪ್ಪವೆಂದರೆ ಏನೆಂದು ಅವರಿಗೆ ಗೊತ್ತೋ ಇಲ್ಲವೋ. ಆದರೂ ಆ ಮನೆಯಲ್ಲೊಬ್ಬ ಮುದುಕಿ ಇನ್ನೂ ಕಾಯುತ್ತ ಕೂತಿದ್ದರೆ ಅವಳಿಗೆ ಹೇಳಬೇಕು: ನಿಮ್ಮಪ್ಪನಿಗೂ ಆಗಿದೆ ತಾಯಿ, ನಮ್ಮಜ್ಜಿ ಬಿಟ್ಟು ಬಂದಿದ್ದಾಳೆ.