ಹತ್ತನೆಯ ಹುಣಸೆ ಬೀಜ

ಬೆಳಿಗ್ಗೆ ಹಾಸನದ ಡಾಕ್ಟರು ನನ್ನ ಎದೆಗೆ ತಣ್ಣನೆಯ ಕೊಳವೆ ಇಟ್ಟು ಕೇಳಿ, "ನಡೀರಿ, ಆದ್ರೆ ಸುಸ್ತಾದ್ರೆ ಕೂತ್ಕೊಂಬಿಡಿ" ಎಂದರು. ಮನೆಗೆ ಬಂದು ಅವರ ಚೀಟಿ ಇಡಲು ಮೇಜಿನ ಡ್ರಾಯರ್ ಎಳೆದರೆ, ಹಳೆಯ ದಿನಚರಿಯ ಪಕ್ಕದಿಂದ ಒಂದು ಹುಣಸೆ ಬೀಜ ಉರುಳಿತು.

ಕೂರುವುದು ಸುಲಭವೆಂದು ನಿಮಗನ್ನಿಸಬಹುದು. ಹೊಳೆನರಸೀಪುರದ ನಮ್ಮ ಗರಡಿಯಲ್ಲಿ ಅದಕ್ಕಿಂತ ಕಷ್ಟದ ಕೆಲಸ ಇರಲಿಲ್ಲ. ಬಸ್ಕಿ ಹೊಡೆಯುತ್ತ ಅರ್ಧಕ್ಕೆ ಕೂತವನು ಆ ಸಂಜೆ ಹನುಮಂತರಾಯನಿಗೆ ದೀಪ ಹಚ್ಚುವಂತಿರಲಿಲ್ಲ.

ಅದು ಸಾವಿರದ ಒಂಬೈನೂರ ನಲವತ್ತರ ಆಸುಪಾಸು. ನಾನು ಮೈಸೂರಿನಲ್ಲಿ ಬಿ.ಎ. ಓದುತ್ತಿದ್ದೆ. ರಜೆಗೆ ಬಂದಾಗ ಅಣ್ಣನ ಬಸ್ಕಿ ಎಣಿಸುವುದೇ ನನ್ನ ಪಾಲಿನ ಕಸರತ್ತು. ನೂರಕ್ಕೊಂದರಂತೆ ಕಲ್ಲಿನ ಮೇಲೆ ಹುಣಸೆ ಬೀಜ ಇಡಬೇಕು. ಓದಿದವನು ಲೆಕ್ಕ ತಪ್ಪುವುದಿಲ್ಲವೆಂದು ಗರಡಿಯವರ ನಂಬಿಕೆ. ನಾನು ಗಣಿತದಲ್ಲಿ ಒಮ್ಮೆ ನಪಾಸಾದದ್ದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಅರಕಲಗೂಡಿನ ಕುಸ್ತಿಗೆ ತಿಂಗಳಿರುವಾಗ, ಎದೆಯೊಳಗೆ ಗುಬ್ಬಿ ಸಿಕ್ಕಿಕೊಂಡಂತೆ ಆಗುತ್ತದೆಂದು ಅಣ್ಣ ಹೇಳಿದ. ಬಲವಂತದಿಂದ ಹಾಸನಕ್ಕೆ ಕರೆದೊಯ್ದೆ. ಹೃದಯ ದೊಡ್ಡದಾಗಿದೆ, ಕಸರತ್ತು ಬಿಡಬೇಕು ಎಂದರು ಅಲ್ಲಿನ ಡಾಕ್ಟರು. ಗರಡಿಯವರ ಕಿವಿಗೆ ಬಿದ್ದದ್ದು ಮೊದಲ ಅರ್ಧ ಮಾತ್ರ. ಗರಡಿಯ ಗುರು, ನಮ್ಮ ವಸ್ತಾದರು, ಹಿಗ್ಗಿದರು.

"ತೋಳು ಬೆಳ್ದದೆ, ತೊಡೆ ಬೆಳ್ದದೆ. ಎದೆ ಒಳಗಿಂದು ಬೆಳೀದೆ ಇದ್ದದಾ? ನಿಮ್ ಬುಕ್ಕಲ್ಲಿ ಏನ್ ಬರ್ದವ್ರೋ ಕಾಣೆ ಕಣಪ್ಪಾ."

ಅಣ್ಣ ನಕ್ಕ. ನಾನು ವಾದ ಮಾಡಿದೆನೆಂದು ದಿನಚರಿ ಹೇಳುತ್ತದೆ. ನನಗೆ ನೆನಪಿರುವುದು, ಒಳಗೊಳಗೇ ನಾನೂ ಹೆಮ್ಮೆಪಟ್ಟದ್ದು.

ಒಂದು ಸಂಜೆ ಸಾವಿರ ಮುಟ್ಟಿಯೇ ತೀರುವೆನೆಂದು ಅಣ್ಣ ನಿಂತ. ಒಂಬತ್ತು ಬೀಜ ಇಟ್ಟಿದ್ದೆ. ಅವನ ತುಟಿ ನೀಲಿಗಟ್ಟಿತು. ಕೂತುಕೋ ಎಂದು ಕೂಗಿದೆನೆಂದು ಬರೆದುಕೊಂಡಿದ್ದೇನೆ. ಕೂಗಿದೆನೇ? ಕಿವಿಯಲ್ಲಿ ಉಳಿದಿರುವುದು ನನ್ನ ಎಣಿಕೆಯ ದನಿಯೊಂದೇ: ನಲವತ್ತು, ನಲವತ್ತೊಂದು. ಅಷ್ಟರಲ್ಲಿ ಅವನು ಕೆಮ್ಮಣ್ಣಿನ ಮೇಲೆ ಕುಸಿದ.

ನೀರು ಚಿಮುಕಿಸಿದ ಮೇಲೆ ಕಣ್ಣುಬಿಟ್ಟ.

"ಎಷ್ಟಾಯ್ತ್ಲಾ?"

"ಸಾವಿರ ಆಯ್ತು ಕಣಣ್ಣಯ್ಯ."

"ಅಂಗಾರೆ ದೀಪ ನಾನೇ ಹಚ್ತೀನಿ."

ಇಬ್ಬರು ಹಿಡಿದುಕೊಂಡರು, ಹಚ್ಚಿದ. ಹತ್ತನೆಯ ಬೀಜ ನನ್ನ ಮುಷ್ಟಿಯಲ್ಲೇ ಇತ್ತು. ಅವನು ಮತ್ತೆ ಗರಡಿಗೆ ಇಳಿಯಲಿಲ್ಲ. ಜಗಲಿಯ ಮೂರು ಮೆಟ್ಟಿಲನ್ನೂ ನಿಂತು ನಿಂತು ಹತ್ತುತ್ತ ಎರಡು ವರ್ಷ ಬದುಕಿದ.

ಇಂದು ಸಂಜೆ ನಡೆಯಲು ಹೋದಾಗ ಅರ್ಧ ದಾರಿಯಲ್ಲಿ ಎದೆ ಬಿಗಿಯಿತು. ಯಾರಾದರೂ ನೋಡುತ್ತಿದ್ದಾರೆಯೇ ಎಂದು ಮೊದಲು ಸುತ್ತ ಕಣ್ಣಾಡಿಸಿದೆ. ಆಮೇಲೆ ಕಲ್ಲುಕಟ್ಟೆಯ ಮೇಲೆ ಕೂತುಬಿಟ್ಟೆ. ಮನೆಗೆ ಬಂದು, ಕೂಗಿದೆನೆಂಬ ಆ ಸಾಲನ್ನು ದಿನಚರಿಯಲ್ಲಿ ಹೊಡೆದುಹಾಕಿದೆ. ಕೈಕಾಲು ತೊಳೆದು ದೀಪ ಹಚ್ಚಿದೆ.